ಮಿಸ್ ಲಿಂಡಾಳ ಕಣ್ಣು

ಮೂರನೆಯ ಸಲ ಬಿಳಿ ಬಳಿದರೂ ಆ ಕೆಂಪು ಅಕ್ಷರಗಳು ಮತ್ತೆ ಮೇಲೆದ್ದು ಬಂದವು. ಖಾಂಗ್ ಬ್ರಷ್ಷನ್ನು ಡಬ್ಬಿಯೊಳಗೆ ಎಸೆದು, ಬೋಟು ಕಟ್ಟುವ ದಕ್ಕೆಯ ಮೇಲೆ ಮಗುಚಿಟ್ಟಿದ್ದ ಮೀನಿನ ಬುಟ್ಟಿಯ ಮೇಲೆ ಕುಳಿತುಬಿಟ್ಟ. ಲೋಕಕ್ಕೆಲ್ಲ ರೋಗ ಹರಡಿದ ವರ್ಷ ಅದು. ವಸಂತದ ಒಂದು ಬೆಳಗ್ಗೆ ಬಂದು ನೋಡಿದರೆ ಅವನ ಸೀಗಡಿ ಬೋಟಿನ ಮೂತಿಯ ಎರಡೂ ಬದಿಗೆ ಯಾರೋ ಬರೆದುಹೋಗಿದ್ದರು: ‘ರೋಗ ತಂದವರೇ, ನಿಮ್ಮ ದೇಶಕ್ಕೆ ತೊಲಗಿ.’ ಟೆಕ್ಸಾಸಿನ ಈ ಕಡಲಲ್ಲಿ ನಲವತ್ತು ವರ್ಷ ಬಲೆ ಎಳೆದವನು ಅಂದಿನಿಂದ ಬೋಟಿನ ಹಗ್ಗ ಬಿಚ್ಚಿರಲಿಲ್ಲ. ಅಂಗಡಿಗೆ ಹೋದರೂ ನೆಲ ನೋಡಿಕೊಂಡೇ ನಡೆಯುತ್ತಿದ್ದ.

“ಆ ಮಾತು ಹೊತ್ಕೊಂಡು ನಾನು ನೀರಿಗಿಳಿಯಲ್ಲ,” ಎಂದ ಹೆಂಡತಿಗೆ. “ಭಾನುವಾರ ಲೂಸಿಯಾನದವನು ಬೋಟು ನೋಡೋಕೆ ಬರ್ತಾನಲ್ಲ, ಅವನಿಗೇ ಮಾರಿಬಿಡ್ತೀನಿ.”

ಮುಯಿ ಸೊಂಟಕ್ಕೆ ಕೈಯಿಟ್ಟು ಬೋಟನ್ನೇ ನೋಡುತ್ತಿದ್ದಳು. ಬಿಳಿಯ ಅಡಿಯಿಂದ ಒಸರಿದ ಕೆಂಪು ಮೂತಿಯ ಮೇಲೆಲ್ಲ ಹರಡಿಕೊಂಡಿತ್ತು.

“ಯಾಕೆ ಅಳಿಸ್ತಾ ಕೂತಿದ್ದೀರಿ?” ಎಂದಳು. “ಈ ಕೆಂಪು ಸಾಲದು, ಇನ್ನೂ ಬೇಕು. ನಮ್ಮಪ್ಪ ಬೋಟಿನ ಮೂತಿಗೆ ಯಾವ ಬಣ್ಣ ಹಚ್ತಿದ್ದ, ನೆನಪಿದೆಯಾ?”

ಖಾಂಗನಿಗೆ ನೆನಪಿತ್ತು. ವಿಯೆಟ್ನಾಮಿನ ಅವರ ರಾಚ್ ಜಿಯಾ ಬಂದರಿನಲ್ಲಿ ಮೂತಿಗೆ ಕೆಂಪು ಬಳಿದು, ಕೆಂಪಿನ ಮೇಲೆ ಎರಡು ಕಣ್ಣು ಬರೆಯದೆ ಯಾವ ಬೋಟನ್ನೂ ನೀರಿಗೆ ಬಿಡುತ್ತಿರಲಿಲ್ಲ. ಕಣ್ಣಿಲ್ಲದ ಬೋಟಿಗೆ ದಾರಿ ಹೇಗೆ ಕಂಡೀತು? ಆದರೆ ಇಲ್ಲಿಗೆ ಬಂದ ಹೊಸದರಲ್ಲಿ, ಇಲ್ಲಿನ ಕೆಲವರು ವಿಯೆಟ್ನಾಮಿನವರ ಬೋಟುಗಳಿಗೆ ಬೆಂಕಿ ಇಡುತ್ತಿದ್ದ ಆ ಕಾಲದಲ್ಲಿ, ಎದ್ದು ಕಾಣುವುದು ಬೇಡವೆಂದು ತೀರ್ಮಾನಿಸಿದವನು ಖಾಂಗನೇ. ಎಲ್ಲರ ಬೋಟಿನಂತೆ ಬಿಳಿ ಬಣ್ಣ, ಎಲ್ಲರ ಬೋಟಿನಂತೆ ಒಂದು ಹೆಸರು, ‘ಮಿಸ್ ಲಿಂಡಾ’. ಅವರ ಮನೆತನದಲ್ಲಿ ಲಿಂಡಾ ಎನ್ನುವವಳು ಯಾರೂ ಇರಲಿಲ್ಲ.

ಮುಯಿ ಪಕ್ಕದ ಬೋಟಿನ ಡುವೇನನ ಹತ್ತಿರ ಹೋದಳು. ಉರಿಬಣ್ಣದ ಗಡ್ಡದ ಆ ದಢೂತಿ ಮನುಷ್ಯ ಒಂದು ಡಬ್ಬಿ ಕೆಂಪು ಬಣ್ಣವನ್ನೂ ತನ್ನ ಪುಟ್ಟ ದೋಣಿಯನ್ನೂ ಕೊಟ್ಟಿದ್ದಲ್ಲದೆ, ಹುಟ್ಟು ಹಾಕಲು ತಾನೂ ಬಂದು ಕೂತ. ದೋಣಿ ಮಿಸ್ ಲಿಂಡಾಳ ಮೂತಿಯ ಕೆಳಗೆ ಬಂದು ನಿಂತಿತು.

“ಏ, ಏನು ಮಾಡ್ತಿದ್ದೀಯ?” ಖಾಂಗ್ ಎದ್ದು ನಿಂತ. “ಹೆಂಗಸರು ಬೋಟಿನ ಮೂತಿ ಹತ್ತಬಾರದು!”

“ಎಲ್ಲಿ ಹತ್ತಿದೆ? ನಾನು ನಿಂತಿರೋದು ಡುವೇನನ ದೋಣಿಯಲ್ಲಿ. ಅದಕ್ಕೆ ಮಡಿಗಿಡಿ ಏನೂ ಇಲ್ಲ.”

“ಮಡಿನಾ? ನನ್ನ ದೋಣಿ ಸ್ನಾನ ಮಾಡಿಯೇ ಎಷ್ಟು ಕಾಲ ಆಯ್ತೋ, ಮಿಸ್ ಮುಯಿ,” ಎಂದ ಡುವೇನ್.

ಮುಯಿ ಅವಸರ ಮಾಡಲಿಲ್ಲ. ಮೇಲಿನಿಂದ ಕೆಳಕ್ಕೆ, ಮೇಲಿನಿಂದ ಕೆಳಕ್ಕೆ ಕೆಂಪು ಎಳೆಯುತ್ತ ಹೋದಳು. ಆ ಅಕ್ಷರಗಳು ತಮ್ಮದೇ ಬಣ್ಣದಲ್ಲಿ ಒಂದೊಂದಾಗಿ ಮುಳುಗಿದವು. ಕೆಂಪು ಒಣಗುವವರೆಗೂ ಮೂವರೂ ಮಂಜುಗಡ್ಡೆ ಹಾಕಿದ ಕಾಫಿ ಕುಡಿದು, ಉಪ್ಪು ಮೆಣಸು ಸವರಿದ ಮಾವಿನಕಾಯಿ ಕಡಿದರು. ಡುವೇನನ ಕಣ್ಣಲ್ಲಿ ನೀರು ಬಂತು. ಇನ್ನೊಂದು ಹೋಳು ಕೇಳಿ ತಿಂದ. ಆಮೇಲೆ ಮುಯಿ ಬಿಳಿ ಬಣ್ಣ ತೆಗೆದುಕೊಂಡು ಬಾಲವಿರುವ ಉದ್ದನೆಯ ಕಣ್ಣು ಬರೆಯತೊಡಗಿದಳು. ಅಪ್ಪನ ಪಕ್ಕ ಕೂತು ನೋಡಿದ್ದು ಎಂದೋ, ಕೈ ಮರೆತಿರಲಿಲ್ಲ. ಅವಳಿಗೆ ಅರಿವಿಲ್ಲದೆಯೇ ಗಂಟಲಲ್ಲಿ ಯಾವುದೋ ಹಾಡು ಗುನುಗುತ್ತಿತ್ತು.

ಬುಟ್ಟಿಯ ಮೇಲೆ ಕೂತವನಿಗೆ ಸುಮ್ಮನಿರಲಾಗಲಿಲ್ಲ. “ಬಾಲ ಮೇಲಕ್ಕೆ, ಮೇಲಕ್ಕೆ! ಒಳ್ಳೆ ನಿದ್ದೆಗಣ್ಣು ಆಯ್ತಲ್ಲೇ. ಅಯ್ಯೋ ಮಾರಾಯ್ತಿ, ಎಡಗಣ್ಣು ದೊಡ್ಡದಾಯ್ತು!”

“ದೋಣಿ ಅಲ್ಲಾಡ್ತು. ಡುವೇನ್ ಸೀನಿದ.”

“ಅಳತೆ ಬೇಡ್ವಾ?”

“ನಿಮ್ಮನ್ನ ಮದುವೆ ಆಗುವಾಗ ನಾನು ಅಳೆದು ನೋಡಿದ್ನಾ?”

ಡುವೇನ್ ನಕ್ಕ ರಭಸಕ್ಕೆ ದೋಣಿ ಇನ್ನೊಮ್ಮೆ ಅಲ್ಲಾಡಿತು. ಖಾಂಗ್ ಬಾಯಿಗೆ ಕೈ ಅಡ್ಡ ಹಿಡಿದ. ಆ ಕೈಯ ಹಿಂದೆ ನಗು ಇದ್ದದ್ದು ಮುಯಿಗೆ ಕಂಡಿತು. ವಸಂತದಿಂದೀಚೆಗೆ ಅದನ್ನು ಅವಳು ನೋಡಿರಲಿಲ್ಲ.

ಇನ್ನು ಉಳಿದದ್ದು ಕಪ್ಪು ಗುಡ್ಡೆ. ಅದನ್ನು ಇಡಬೇಕಾದವನು ಬೋಟಿನ ಯಜಮಾನ. ಮುಯಿ ಕಪ್ಪು ಬಣ್ಣದಲ್ಲಿ ಅದ್ದಿದ ಬ್ರಷ್ಷನ್ನು ಗಂಡನತ್ತ ಚಾಚಿದಳು.

“ನೀವು ಇಡ್ತೀರೋ, ಇಲ್ಲ ಭಾನುವಾರ ಬರೋ ಯಜಮಾನನಿಗೆ ಬಿಡೋಣ್ವೋ?”

ಬ್ರಷ್ಷಿನಿಂದ ಕಪ್ಪು ಹನಿಯೊಂದು ನೀರಿಗೆ ಬಿತ್ತು. ಖಾಂಗ್ ಚಪ್ಪಲಿ ಕಳಚಿಟ್ಟು ದೋಣಿಗಿಳಿದ. ಕಣ್ಣಿನ ನಡುವಿಗೆ ಬ್ರಷ್ ಒಯ್ದ.

“ಕೆಳಗಿಡಿ, ಕೆಳಗೆ,” ಎಂದಳು ಮುಯಿ. “ಮೀನಿನ ಬೋಟು ನೀರನ್ನ ನೋಡ್ಬೇಕು. ನೇರ ಇಟ್ರೆ ಅದಕ್ಕೆ ಸೀಗಡಿ ಹೇಗೆ ಕಾಣತ್ತೆ?”

“ಇಷ್ಟು ದಿನ ನಾನು ಕೆಳಗೇ ನೋಡ್ತಾ ಕೂತಿದ್ನಲ್ಲ,” ಎಂದ ಖಾಂಗ್. “ಕೆಳಗೆ ಏನೇನಿದೆ ಅಂತ ಲಿಂಡಾಗೆ ನಾನೇ ಹೇಳ್ತೀನಿ.” ಗುಡ್ಡೆಯನ್ನು ಸರಿಯಾಗಿ ನಡುವಿಗೇ ಇಟ್ಟ. ಆಚೆ ಬದಿಗೆ ಹೋಗಿ ದೊಡ್ಡ ಕಣ್ಣಿಗೂ ಹಾಗೆಯೇ ಇಟ್ಟ.

ಡುವೇನ್ ದೋಣಿಯನ್ನು ಹಿಂದಕ್ಕೆ ಬಿಟ್ಟು, ಅತ್ತ ಇತ್ತ ಸರಿಸಿ ನೋಡಿದ. “ಎಲ್ಲಿ ಹೋದ್ರೂ ನನ್ನನ್ನೇ ನೋಡ್ತಾಳಲ್ಲೋ, ಕ್ಯಾಪ್ಟನ್!”

“ಗಡ್ಡ ಬಾಚ್ಕೊಂಡು ಬಾ. ಪಾಪ, ಈಗಷ್ಟೇ ಕಣ್ಣು ಬಿಟ್ಟಿದ್ದಾಳೆ.”

ಭಾನುವಾರದವರೆಗೆ ಮಿಸ್ ಲಿಂಡಾ ಕಾಯಲಿಲ್ಲ. ಮರುದಿನ ಬೆಳಗ್ಗೆ ಖಾಂಗ್ ಹಗ್ಗ ಬಿಚ್ಚಿದ. ಬೋಟು ಐಸ್ ಕಾರ್ಖಾನೆಯ ಮುಂದೆ ಮೆಲ್ಲನೆ ಹಾದುಹೋಗುವಾಗ, ಅಲ್ಲಿ ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಗಂಡಸರ ಹರಟೆ ನಿಂತಿತು. ಹಾಗೆ ಬರೆದವನು ಅವರಲ್ಲಿ ಇದ್ದನೋ ಇಲ್ಲವೋ, ಯಾರಿಗೆ ಗೊತ್ತು. ದಕ್ಕೆಯ ತುದಿಯಲ್ಲಿ ನಿಂತ ಮುಯಿ ನೋಡಿದಳು: ಒಬ್ಬರಾದ ಮೇಲೆ ಒಬ್ಬರು, ಯಾಕೆಂದು ತಮಗೇ ತಿಳಿಯದೆ, ಅವರೆಲ್ಲ ಆ ಕಣ್ಣುಗಳೆದುರು ಟೋಪಿ ಸರಿಮಾಡಿಕೊಳ್ಳುತ್ತಿದ್ದರು.