ನಿಂಬೆಹಣ್ಣಿನ ದೀಪ

ಶುಕ್ರವಾರದ ಬನಶಂಕರಿ ಗುಡಿಯಲ್ಲಿ, ನಿಂಬೆಹಣ್ಣಿನ ದೀಪ ಹಚ್ಚುವ ಹೆಂಗಸರ ನಡುವೆ ಕೆಂಪರಾಜು ಒಬ್ಬನೇ ಗಂಡಸು. ಹಿಂಡಿದ ಹೋಳನ್ನು ಬಟ್ಟಲಿನಂತೆ ಮಗುಚಲು ಹೋಗಿ ಸಿಪ್ಪೆ ಹರಿದುಕೊಂಡ.

ಮಗುವಾಗಲೆಂದು ವಾರವಾರವೂ ಈ ದೀಪ ಹಚ್ಚುತ್ತಿದ್ದವಳು ಹೆಂಡತಿ ಚೈತ್ರ. ಅವನ ತಾಯಿ ಅವಳನ್ನು ಬಂಜೆ ಎಂದಾಗ ಅವನು ಸುಮ್ಮನಿದ್ದ. ಅವಳು ಗಿರಿನಗರದ ತವರಿಗೆ ಹೊರಟುಹೋದಳು.

ಇವತ್ತು ಬೆಳಿಗ್ಗೆ ಡಾಕ್ಟರು, "ಬೆನ್ನುನೋವಿಗೆ ಅಂತ ದಿನಾ ಈ ಮಾತ್ರೆ ನುಂಗಿದ್ರೆ ಗಂಡಸರ ಹಾರ್ಮೋನ್ ಏರುಪೇರಾಗಿ ಮಕ್ಕಳಾಗದೆ ಇರಬಹುದು. ನಿಲ್ಲಿಸಿ ನೋಡೋಣ. ನಿಮ್ಮ ಮಿಸೆಸ್ ರಿಪೋರ್ಟ್‌ನಲ್ಲಿ ಏನೂ ತೊಂದ್ರೆ ಇಲ್ಲ," ಎಂದಿದ್ದರು. ಆಮೇಲೆ ಎಷ್ಟು ಸಲ ಫೋನು ಮಾಡಿದರೂ ಚೈತ್ರ ಎತ್ತಲಿಲ್ಲ.

ಪಕ್ಕದ ಹೆಂಗಸು ತಾನೇ ಒಂದು ಹೋಳು ಮಗುಚಿ ಕೊಟ್ಟಳು. "ಹೆಂಡ್ತಿ ಹರಕೆನಾ ಅಣ್ಣ?"

ಕೆಂಪರಾಜು ಬತ್ತಿ ಹಚ್ಚಿದ. "ಇಲ್ಲ ಅಕ್ಕ. ನಂದೇ."