ಹೆಣ್ಣಿನ ಕಡೆಯವರು

ಕೆ.ಆರ್. ಪುರದ ಬಸ್ ಸ್ಟಾಪಿನಲ್ಲಿ ಗಂಡನ ಕಾರ್ಖಾನೆಯ ಸ್ಟಾಫ್ ಬಸ್ಸು ಕಂಡದ್ದೇ ತಡ, ಜಲಜಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಬ್ಬಿನ ಹಾಲಿನ ಗಾಡಿಯ ಹಿಂದೆ ಸರಿದಳು. ತೂಗುಸೇತುವೆಯ ಕೆಲಸ ನಡೆಯುತ್ತಿದ್ದ ಕಾಲ. ಧೂಳಿಗೆ ಮುಖ ಮುಚ್ಚಿಕೊಂಡಿದ್ದಾಳೆ ಎಂದೇ ನೋಡಿದವರು ತಿಳಿಯಲಿ. ಸ್ಟಾಫ್ ಕಾಲೊನಿಯಲ್ಲಿ ಇಷ್ಟು ವರ್ಷ ತಲೆಯೆತ್ತಿ ಬಾಳಿದ ಹೆಂಗಸು ಈಗ ಕಳ್ಳಿಯ ಹಾಗೆ ಚಿಂತಾಮಣಿ ಬಸ್ಸಿಗೆ ಕಾಯುತ್ತಿದ್ದಳು. ಮನೆಯಲ್ಲಿ ಹೇಳಿ ಬಂದದ್ದು ಹಲಸೂರಿನ ತಂಗಿಯ ಮನೆಗೆ ಎಂದು.

ಹೊರಟದ್ದು ಹುಡುಗನ ಮನೆಯ ಬಗ್ಗೆ ವಿಚಾರಿಸಲು. ಹೆಣ್ಣು ಹೆತ್ತವರು ಮಾಡಲೇಬೇಕಾದ ಕೆಲಸ ಅದು. ಸಾಮಾನ್ಯವಾಗಿ ಗಂಡಸರು ಮಾಡುತ್ತಾರೆ. ಆದರೆ ಅವಳ ಗಂಡ ವೆಂಕಟಾಚಲ ಆ ಮನೆಯ ವಿಚಾರ ತನಗೆ ಬೇಡವೇ ಬೇಡ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಅವನ ಮಾತಿಗೆ ತಲೆಯಾಡಿಸುವುದು ಜಲಜಾಗೆ ಮೊದಲಿನಿಂದಲೂ ಅಭ್ಯಾಸ. ಹಾಗೆ ತಲೆಯಾಡಿಸಿದ್ದಕ್ಕೆ ಈಗ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು.

ಹುಡುಗನನ್ನು ಅವಳು ನೋಡಿದ್ದು ಒಂದೇ ಸಲ, ಅವನು ಮನೆಗೆ ಬಂದಾಗ. ಸೋಫಾದ ಅಂಚಿನಲ್ಲಿ ಕೂತಿದ್ದ. ಕಾಫಿ ಬರುವ ಮೊದಲೇ ಎದ್ದು ಹೋಗಿದ್ದ. ಮುಖವೂ ಸರಿಯಾಗಿ ನೆನಪಿಲ್ಲ. ಅಂಥವನ ಮನೆಯಲ್ಲಿ ಮಗಳು ಬಾಳಬೇಕು ಎಂದರೆ ಯಾವ ತಾಯಿಗೆ ನಿದ್ದೆ ಬಂದೀತು?

ಹೊಸಕೋಟೆ ದಾಟಿದ ಮೇಲಷ್ಟೇ ಅವಳು ಸೆರಗು ಇಳಿಸಿದಳು. ದಾರಿಯುದ್ದಕ್ಕೂ ಕೇಳಬೇಕಾದ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಈ ಕೆಲಸ ಇನ್ನೂ ಮೊದಲೇ ಮಾಡಬೇಕಿತ್ತು ಎಂದು ಎಷ್ಟು ಸಲ ಅಂದುಕೊಂಡಳೋ.

ಚಿಂತಾಮಣಿಯಲ್ಲಿ ಆಟೋದವರು ಮುತ್ತಿಕೊಂಡರು. ಅವಳು ಅವರನ್ನೆಲ್ಲ ಬಿಟ್ಟು ಜಿಯಾವುಲ್ಲಾ ಎಂಬ ಮುದುಕನ ಜಟಕಾ ಹತ್ತಿದಳು. ಜಟಕಾ ನಿಧಾನ, ಮನೆಗಳನ್ನು ನೋಡುತ್ತಾ ಹೋಗಬಹುದು. ಬಾಡಿಗೆ ಮನೆ ಹುಡುಕುತ್ತಿದ್ದೇನೆ ಎಂದಳು. ಮುದುಕ ನಕ್ಕ. ಈ ಊರಿಗೆ ಒಂಟಿಯಾಗಿ ಬಂದು ಬಾಡಿಗೆ ಮನೆ ಕೇಳುವವರೆಲ್ಲ ಕೊನೆಗೆ ಕೇಳುವುದು ಗಂಡಿನ ಗುಣವನ್ನೇ ಎಂದು ಅವನಿಗೆ ಗೊತ್ತಿತ್ತು.

“ಹೆಣ್ಣಿನ ಕಡೆಯೋರಾ ಅಮ್ಮಾ?”

“ಹೂಂ.”

“ಯಾರ ಮನೆ?”

“ಮುನಿನಾರಾಯಣಪ್ಪನವರ ಮನೆ. ಅವರ ಮಗ.”

ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಜಿಯಾವುಲ್ಲಾ ಕುದುರೆಯನ್ನು ಪೇಟೆಯ ಹಿಂದಿನ ಬೀದಿಗೆ ತಿರುಗಿಸಿದ. ಗಂಡಿನ ಚಟ ತಿಳಿಯಬೇಕಾದರೆ ಕಟಿಂಗ್ ಶಾಪಿನಲ್ಲಿ ಕೇಳಬೇಕು, ಮನೆಯೊಳಗಿನ ಸುದ್ದಿ ಬೇಕಾದರೆ ಹಿಟ್ಟಿನ ಗಿರಣಿಯಲ್ಲಿ ಎಂದು ಅನುಭವಸ್ಥನ ಗತ್ತಿನಲ್ಲಿ ಹೇಳಿದ. ಗಿರಣಿಯ ಮುಂದೆ ಇಳಿಸಿ, ಆ ಮನೆಯ ಪಕ್ಕದವಳಾದ ಜಟ್ಟೆಮ್ಮನನ್ನೂ ತೋರಿಸಿಕೊಟ್ಟ.

ಜಟ್ಟೆಮ್ಮ ರಾಗಿ ಚೀಲ ಮುಂದಿಟ್ಟುಕೊಂಡು ತನ್ನ ಸರದಿಗೆ ಕಾಯುತ್ತಿದ್ದಳು. ಜಲಜಾ ಒಂದೊಂದಾಗಿ ಕೇಳಿದಳು. ಹುಡುಗ ಕುಡಿಯುತ್ತಾನಾ? ಅತ್ತೆಯ ಬಾಯಿ ಹೇಗೆ? ನಲ್ಲಿ ಮನೆಯೊಳಗಿದೆಯಾ, ಬೀದಿಯಿಂದ ನೀರು ಹೊರಬೇಕಾ? ಆ ಮನೆಯ ಹೆಂಗಸರು ಊಟಕ್ಕೆ ಕೂರುವುದು ಯಾವಾಗ? ಕೊನೆಯ ಪ್ರಶ್ನೆ ಜಟ್ಟೆಮ್ಮನಿಗೆ ಹಿಡಿಸಿತು. ಎಲ್ಲರೂ ಒಟ್ಟಿಗೇ ಕೂತು ಉಣ್ಣುತ್ತಾರೆ, ಮಕ್ಕಳಿಬ್ಬರೂ ಚಿನ್ನದಂಥವರು, ಅತ್ತೆ ಗೊಣಗುವುದುಂಟು, ಹೊಟ್ಟೆಯಲ್ಲಿ ಮಾತ್ರ ವಿಷವಿಲ್ಲ ಎಂದಳು. ಜಲಜಾಳ ಕಣ್ಣು ತುಂಬಿಬಂತು.

“ಚಿಕ್ಕೋನು ಇನ್ನೂ ಓದ್ತಾ ಇದ್ದಾನಲ್ಲಮ್ಮ. ಈಗ್ಲೇ ಹೆಣ್ಣು ಕೊಡೋ ಆತುರ ಏನು?”

“ಚಿಕ್ಕವರಲ್ಲ. ದೊಡ್ಡವರು.”

ಜಟ್ಟೆಮ್ಮ ಎದ್ದು ನಿಂತಳು. ದೊಡ್ಡವನಿಗೆ ಮದುವೆಯಾಗಿ ವರ್ಷ ಕಳೆದಿತ್ತು. ಹೆಂಡತಿ ಅದೇ ಮನೆಯಲ್ಲಿದ್ದಳು, ತುಂಬು ಬಸುರಿ. ಇದನ್ನೆಲ್ಲ ಅವಳು ಗಿರಣಿಯ ಸದ್ದನ್ನೂ ಮೀರಿಸಿ ಹೇಳಿದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮದುವೆಯಾದವನ ಮೇಲೆ ಕಣ್ಣು ಹಾಕಿಕೊಂಡು ಬೆಂಗಳೂರಿನಿಂದ ಬಂದಿದ್ದಾಳೆ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ಜಲಜಾಗೂ ಕೇಳಿಸಿತು. ನಾಚಿಕೆಯಿಂದ ಅವಳ ಮೈ ಹಿಡಿಯಾಯಿತು. ಜಟಕಾ ಇನ್ನೂ ಅಲ್ಲೇ ನಿಂತಿತ್ತು, ಹತ್ತಿ ಹೊರಟುಬಿಡಬಹುದಿತ್ತು. ಬಸುರಿ ಎಂಬ ಮಾತು ಕೇಳಿದ ಮೇಲೆ ಕಾಲು ಏಳಲಿಲ್ಲ.

“ಆ ಹುಡುಗಿಗೆ ತಾಯಿ ಇಲ್ವಂತೆ,” ಎಂದಳು ಜಟ್ಟೆಮ್ಮ. “ತವರು ಅಂತ ಒಂದು ನರಪಿಳ್ಳೆನೂ ಇತ್ತ ಬಂದಿಲ್ಲ. ಸೀಮಂತಕ್ಕೆ ನಾನೇ ತಾಯಿಯಾಗಿ ನಿಂತು ಬಳೆ ತೊಡಿಸ್ದೆ. ಅಂಥೋಳ ತಲೆ ಮೇಲೆ ನಿನ್ನ ಮಗಳನ್ನ ತಂದು ಕೂರಿಸ್ತೀಯಾ?”

ಬಳೆ ತೊಡಿಸಿದ ಆ ಕೈಯನ್ನು ಜಲಜಾ ಹಿಡಿದುಕೊಂಡಳು.

“ನೀವು ಬಳೆ ತೊಡಿಸಿದ ಹುಡುಗಿ... ನನಗಿರೋದು ಅವಳೊಬ್ಳೇ ಮಗಳಮ್ಮ,” ಎಂದಳು.