ಏಳನೆಯ ದಿನದ ಪುಟ

ನವರಾತ್ರಿಯ ಆರನೆಯ ದಿನ ಸಂಜೆ, ಪ್ರೆಸ್ಸಿನ ಬಾಗಿಲು ಹಾಕುವ ಹೊತ್ತಿಗೆ, ಕರಡು ತಿದ್ದುವಾಕೆಯ ಕಣ್ಣಿಗೆ ತನ್ನದೇ ತಪ್ಪು ಬಿತ್ತು. ದೇವಿಯ ಒಂಬತ್ತು ರೂಪಗಳ ಹಾಡಿನ ಪುಸ್ತಕ ಅದು. ದಿನಕ್ಕೊಂದು ರೂಪ, ರೂಪಕ್ಕೊಂದು ಪುಟ. ಏಳನೆಯ ಪುಟದಲ್ಲಿ ‘ಕಾಳರಾತ್ರಿ’ ಎಂಬ ತಲೆಬರಹವಿತ್ತು, ಚಿತ್ರವೂ ಅವಳದೇ. ಕೆಳಗಿದ್ದದ್ದು ಮಾತ್ರ ಆರನೆಯ ದಿನದ ಕಾತ್ಯಾಯನಿಯ ಹಾಡು, ಒಂದಕ್ಷರ ಬಿಡದೆ. ಕರಡು ಬಂದಿದ್ದ ದಿನ ತಲೆಬರಹ ನೋಡಿದವಳು ಹಾಡು ನೋಡದೆ ಸಹಿ ಹಾಕಿಬಿಟ್ಟಿದ್ದಳು. ಹದಿನಾಲ್ಕು ವರ್ಷದ ಕೆಲಸದಲ್ಲಿ ಹೀಗಾದದ್ದು ಮೊದಲ ಸಲ.

ಪ್ರೆಸ್ಸಿನ ಯಜಮಾನರು ಕನ್ನಡಕವನ್ನು ಹಣೆಗೇರಿಸಿ ಪುಟವನ್ನು ಮೂಗಿನ ಹತ್ತಿರ ಹಿಡಿದರು.

“ಸಭಾಭವನಕ್ಕೆ ನಲವತ್ತು ಪುಸ್ತಕ ಹೋಗಿದೆ ಅಲ್ವಾ?”

“ಹೌದು ಸಾರ್. ನಾಳೆ ಬೆಳಿಗ್ಗೆ ಹೆಂಗಸರೆಲ್ಲ ಕೂತು ಇದೇ ಪುಟ ಹೇಳ್ತಾರೆ. ನಾನು ಹೋಗಿ ಹೇಳಿಬಿಡ್ಲಾ?”

“ಏನಂತ ಹೇಳ್ತೀಯಮ್ಮ? ಮುಂದಿನ ವರ್ಷ ಅವರು ಬೇರೆ ಪ್ರೆಸ್ ನೋಡ್ಕೊಳ್ತಾರೆ, ನೀನು ಬೇರೆ ಕೆಲಸ ನೋಡ್ಕೋಬೇಕಾಗತ್ತೆ. ಗುಂಪಲ್ಲಿ ಗೋವಿಂದ, ಹೇಳ್ಕೊಂಡು ಹೋಗ್ತಾರೆ ಬಿಡು.”

ಬೆಳಿಗ್ಗೆ ಅವಳು ಹೋದಳು. ಶುರುವಾಗುವ ಮುಂಚೆ ಟೀಚರಮ್ಮನನ್ನು ಪಕ್ಕಕ್ಕೆ ಕರೆದು ಹೇಳುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಟೀಚರಮ್ಮ ಎಂದರೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಎಲ್ಲರೂ ಚಾಪೆಯ ಮೇಲೆ ಕೂತರೆ ಅವರು ಎದುರಿಗೆ ಕುರ್ಚಿ ಹಾಕಿಕೊಂಡು ಹಾಡು ಹೇಳಿಸುತ್ತಿದ್ದರು. ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಪುಟ ತಿರುವಿ ಆಗಿತ್ತು. ಅವಳು ಹಿಂದಿನ ಸಾಲಿನಲ್ಲಿ, ಕಂಬದ ಪಕ್ಕ ಕೂತಳು.

ಯಾರ ದನಿಯೂ ತಡವರಿಸಲಿಲ್ಲ. ನಿನ್ನೆ ಹೇಳಿ ರೂಢಿಯಾಗಿದ್ದರಿಂದ ಇವತ್ತು ಇನ್ನಷ್ಟು ಗಟ್ಟಿಯಾಗಿಯೇ ಹೇಳುತ್ತಿದ್ದರು.

“ಸಿಂಹವನೇರಿ ಬಂದಾಕೆ, ಕಾಯೇ ತಾಯೇ,” ಎಂದಿತು ಸಭೆ.

“ಕತ್ತೆಯನೇರಿ ಬಂದಾಕೆ, ಕಾಯೇ ತಾಯೇ,” ಎಂದಿತು ಒಂದೇ ಒಂದು ದನಿ.

ಯಾರೋ ಕಿಸಕ್ಕೆಂದರು. ನಗು ಸಾಲಿಂದ ಸಾಲಿಗೆ ಹಬ್ಬಿತು. ದನಿ ಸಭಾಭವನದ ದೀಪ, ಪಾತ್ರೆ ತೊಳೆಯುವ ಅಜ್ಜಿಯದು. ಎಲ್ಲರಿಗೂ ಕೊಟ್ಟ ಹಾಗೆ ಅವಳಿಗೂ ಒಂದು ಪುಸ್ತಕ ಕೊಟ್ಟಿದ್ದರು. ಅದು ತೆರೆಯದೆ ಮಡಿಲಲ್ಲಿತ್ತು.

“ಅಜ್ಜಿ, ದೇವಿ ಎದುರಿಗೆ ಕೂತು ಕತ್ತೆ ಅಂತಾರಾ?” ಎಂದರು ಟೀಚರಮ್ಮ. “ಪುಸ್ತಕ ನೋಡ್ಕೊಂಡು ಹೇಳಿ.”

“ನಂಗೆ ಓದೋಕೆ ಬರಲ್ವಲ್ಲ ಟೀಚರಮ್ಮ.”

“ಬರದಿದ್ರೆ ಸುಮ್ನೆ ಕೇಳಿಸ್ಕೊಳ್ಳಿ. ಕೇಳಿದ್ರೂ ಪುಣ್ಯ ಅಷ್ಟೇ ಬರತ್ತೆ.”

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ವಯಸ್ಸಾಯ್ತು. ನಾಲಿಗೆ ತಪ್ಪಿರಬೇಕು,” ಎಂದು ಪಕ್ಕದವಳಿಗೆ ಹೇಳಿದಳು. ಕರಡು ತಿದ್ದುವಾಕೆಗೆ ಆ ಮಾತು ಕೇಳಿಕೊಂಡು ಕೂರಲು ಆಗಲಿಲ್ಲ.

“ಅಜ್ಜಿ ಹೇಳಿದ್ದೇ ಸರಿ,” ಎಂದಳು ಎದ್ದು ನಿಂತು. “ಚಿತ್ರ ನೋಡಿ, ಕಾಳರಾತ್ರಿ ಕೂತಿರೋದು ಕತ್ತೆ ಮೇಲೇನೇ. ನೀವು ಹೇಳ್ತಿರೋದು ನಿನ್ನೆ ಹಾಡು. ಪುಸ್ತಕ ತಪ್ಪಾಗಿದೆ. ಅದರ ಕರಡು ತಿದ್ದಿದವಳು ನಾನು.”

ಎಲ್ಲರ ಪುಸ್ತಕಗಳ ಹಾಳೆಗಳು ಹಿಂದಕ್ಕೆ, ಮುಂದಕ್ಕೆ ತಿರುಗಿದವು. ಟೀಚರಮ್ಮ ಎರಡು ಪುಟಗಳ ನಡುವೆ ಬೆರಳಿಟ್ಟು ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಅವರ ಕಿವಿ ಕೆಂಪಾಯಿತು. ಮೂಲಪ್ರತಿ ಅಚ್ಚಾದ ಮೇಲೆ ರದ್ದಿಗೆ ಹೋಗಿತ್ತು. ಏಳನೆಯ ಹಾಡು ಈಗ ಇದ್ದದ್ದು ಒಂದೇ ಕಡೆ. ಎಲ್ಲರೂ ಅಜ್ಜಿಯ ಕಡೆ ತಿರುಗಿದರು.

ಅಜ್ಜಿ ಬಾಯಿ ತೆರೆದಳು. ಏನೂ ಬರಲಿಲ್ಲ.

“ಎಲ್ಲ ಹೀಗೆ ನನ್ನ ಬಾಯೇ ನೋಡ್ತಾ ಕೂತ್ರೆ ಎಲ್ಲಿಂದ ಬರತ್ತೆ?” ಎಂದಳು. “ನಮ್ಮತ್ತೆ ಇದನ್ನ ಹೇಳ್ಕೊಟ್ಟಿದ್ದು ಪಾತ್ರೆ ಉಜ್ಜೋವಾಗ. ಅದೂ ಬೈತಾ ಬೈತಾ.”

ಕರಡು ತಿದ್ದುವಾಕೆ ಮೂಲೆಯಿಂದ ಒಂದು ಹಿತ್ತಾಳೆ ಚೆಂಬು, ಒಂದು ಬಟ್ಟೆ ತಂದು ಅವಳ ಮುಂದಿಟ್ಟಳು. ಎರಡು ಸಲ ಉಜ್ಜಿದ್ದೇ ತಡ, ಹಾಡು ಬಂತು. ಪುಸ್ತಕಗಳು ಮುಚ್ಚಿಕೊಂಡವು. ನಲವತ್ತು ಜನ ಅವಳ ಹಿಂದೆ ಹೇಳಿದರು. ಟೀಚರಮ್ಮ ಯಾವಾಗಲೋ ಕುರ್ಚಿಯಿಂದಿಳಿದು ಚಾಪೆಗೆ ಬಂದಿದ್ದರು.

ಸುದ್ದಿ ಮಧ್ಯಾಹ್ನಕ್ಕೇ ಪ್ರೆಸ್ಸಿಗೆ ಮುಟ್ಟಿತು. ಯಜಮಾನರು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಕರಡಿನ ಮೇಜಿನಿಂದ ಎಬ್ಬಿಸಿ ಬೈಂಡಿಂಗ್ ಮೇಜಿಗೆ ಕೂರಿಸಿದರು. ಹತ್ತು ತಿಂಗಳು ಅವಳು ಬೇರೆಯವರು ತಿದ್ದಿದ ಪುಸ್ತಕಗಳಿಗೆ ಹೊಲಿಗೆ ಹಾಕಿದಳು. ಬೆರಳ ತುದಿ ದಡ್ಡುಗಟ್ಟಿತು. ಒಂದು ದಿನ ಟೀಚರಮ್ಮ, ಅಜ್ಜಿಯಿಂದ ಕೇಳಿ ಬರೆದುಕೊಂಡ ಏಳನೆಯ ಹಾಡು ಹಿಡಿದು ಬಂದು, ಹಾಡಿನ ಪುಸ್ತಕ ಹೊಸದಾಗಿ ಅಚ್ಚು ಹಾಕಬೇಕೆಂದರು. “ತಪ್ಪು ಒಪ್ಕೊಂಡಳಲ್ಲ, ಅವಳ ಕೈಲೇ ತಿದ್ದಿಸಿ,” ಎಂದು ಹೇಳಿ ಹೋದರು.

ಕರಡು ಬಂದ ದಿನ ಅವಳು ಅದನ್ನು ಹಿಡಿದುಕೊಂಡು ಸಭಾಭವನದ ಹಿತ್ತಲಿಗೆ ಹೋದಳು. ಅಜ್ಜಿ ದೀಪ ಉಜ್ಜುತ್ತಾ ಕೂತಳು, ಇವಳು ಒಂಬತ್ತೂ ಪುಟ ಗಟ್ಟಿಯಾಗಿ ಓದಿದಳು. ಎರಡು ಕಡೆ ಅಜ್ಜಿ “ನಿಲ್ಲು” ಎಂದಳು. ಎರಡು ಕಡೆಯೂ ಇವಳು ತಿದ್ದಿಕೊಂಡಳು.

ಮರುದಿನ ಯಜಮಾನರು ಆ ಕರಡನ್ನು ಬೆಳಕಿಗೆ ಹಿಡಿದು ನೋಡಿದರು. ಕೊನೆಯ ಹಾಳೆಯಲ್ಲಿ, ಅವಳ ಸಹಿಯ ಕೆಳಗೆ, ಹೆಬ್ಬೆಟ್ಟಿನಗಲದ ಮಸಿ.

“ಇದೇನಮ್ಮ, ಕೊನೇ ಕರಡಿನ ಮೇಲೆ ಕಲೆ?”

“ಕಲೆ ಅಲ್ಲ ಸಾರ್,” ಎಂದಳು ಅವಳು. “ರುಜು.”